ಲಿಸ್ಪ್‌ನಿಂದ ಹೊರಗಿನ ಪ್ರೋಗ್ರಾಂ ಓಡಿಸುವುದು: ವಿಂಡೋಸ್, ಉಬುಂಟು, ಮ್ಯಾಕ್ ಮೂರಕ್ಕೂ ಒಂದೇ ಕೋಡ್

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಅಕ್ಷರ ತೆಗೆಯುವ ಕೆಲಸಕ್ಕೆ ನಾನು ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುತ್ತೇನೆ. ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಮರುಮುದ್ರಣಕ್ಕೆಂದು ಮಠಗಳಿಂದ, ಮನೆಗಳ ಅಟ್ಟದಿಂದ ಪುಸ್ತಕ ಬರುತ್ತಲೇ ಇರುತ್ತವೆ. ಪಿಡಿಎಫ್ ಒಡೆದು ಪುಟಗಳನ್ನು ಚಿತ್ರ ಮಾಡಲು ಪಾಪ್ಲರ್ ಜೊತೆ ಬರುವ ಪಿಡಿಎಫ್‌ಟುಪಿಪಿಎಂ, ಚಿತ್ರದ ಕಲೆ ತೆಗೆಯಲು ಇಮೇಜ್‌ಮ್ಯಾಜಿಕ್, ಅಕ್ಷರ ಓದಲು ಟೆಸರಾಕ್ಟ್. ಇವನ್ನು ಸರದಿಯಲ್ಲಿ ಓಡಿಸಿ, ಬಂದದ್ದನ್ನು ಜೋಡಿಸಿ, ಕರಡು ತಿದ್ದುವವರ ಕೈಗೆ ಕೊಡುವುದಷ್ಟೇ ಲಿಸ್ಪ್‌ನ ಪಾಲು. ಅಂಗಡಿಯಲ್ಲಿರುವುದು ವಿಂಡೋಸ್, ಮನೆಯಲ್ಲಿ ಉಬುಂಟು, ಇದೇ ಕೋಡ್ ಬಳಸುವ ಬೀದರದ ಗೆಳೆಯನ ಹತ್ತಿರ ಹಳೇ ಇಂಟೆಲ್ ಮ್ಯಾಕ್. ನನ್ನದು ಎಸ್‌ಬಿಸಿಎಲ್, ಅವನದು ಸಿಸಿಎಲ್; ಎರಡೂ ಕಾಮನ್ ಲಿಸ್ಪ್ ಓಡಿಸುವ ಬೇರೆ ಬೇರೆ ತಂತ್ರಾಂಶಗಳು.

1994ರ ಆನ್ಸಿ ಕಾಮನ್ ಲಿಸ್ಪ್ ಮಾನದಂಡದಲ್ಲಿ ಹೊರಗಿನ ಪ್ರೋಗ್ರಾಂ ಓಡಿಸುವ ಫಂಕ್ಷನ್ನೇ ಇಲ್ಲ. ಹಾಗಾಗಿ ಪ್ರತಿಯೊಂದು ಲಿಸ್ಪ್ ತನ್ನದೇ ದಾರಿ ಮಾಡಿಕೊಂಡಿದೆ. ಎಸ್‌ಬಿಸಿಎಲ್, ಸಿಸಿಎಲ್, ಇಸಿಎಲ್, ಕ್ಲಿಸ್ಪ್ ಎಲ್ಲದರಲ್ಲೂ ‘ರನ್-ಪ್ರೋಗ್ರಾಂ’ ಎಂಬ ಹೆಸರಿನದೇ ಫಂಕ್ಷನ್ ಇದೆ, ಆದರೆ ಪ್ಯಾಕೇಜ್ ಬೇರೆ, ಕೀವರ್ಡ್ (ಹೆಸರಿಟ್ಟು ಕೊಡುವ ಆಯ್ಕೆ) ಬೇರೆ, ವಾಪಸ್ ಬರುವುದೂ ಬೇರೆ. ಎಸ್‌ಬಿಸಿಎಲ್‌ನಲ್ಲಿ ‘ಸರ್ಚ್’ ಕೀವರ್ಡನ್ನು ನಾವಾಗಿ ಕೊಡದಿದ್ದರೆ ಅದು ಪಾತ್ (ಪ್ರೋಗ್ರಾಂಗಳಿರುವ ಫೋಲ್ಡರ್‌ಗಳ ಪಟ್ಟಿ) ಹುಡುಕುವುದೇ ಇಲ್ಲ. ಟೆಸರಾಕ್ಟ್ ಇನ್‌ಸ್ಟಾಲ್ ಆಗಿದ್ದರೂ ಸಿಗಲಿಲ್ಲ ಎನ್ನುತ್ತದೆ. ಪ್ರತಿ ಲಿಸ್ಪ್‌ಗೂ ಒಂದೊಂದು ಶರತ್ತು ಹಾಕಿ ಬರೆಯುತ್ತ ಹೋದರೆ ಅಸಲು ಕೆಲಸ ಆ ಶರತ್ತುಗಳ ಕೆಳಗೇ ಹೂತುಹೋಗುತ್ತದೆ.

ಆದ್ದರಿಂದ ನಾನು ಹಿಡಿದದ್ದು ಯುಐಒಪಿ. ಲಿಸ್ಪ್ ಕೋಡ್ ಜೋಡಿಸಿ ಲೋಡ್ ಮಾಡುವ ಎಎಸ್‌ಡಿಎಫ್ 3ರ ಜೊತೆಯೇ ಬರುವ ಲೈಬ್ರರಿ ಇದು, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಅದರ ರನ್-ಪ್ರೋಗ್ರಾಂ ಮೂರು ಮೌಲ್ಯ ಹಿಂದಿರುಗಿಸುತ್ತದೆ: ಔಟ್‌ಪುಟ್, ಎರರ್ ಔಟ್‌ಪುಟ್, ಎಕ್ಸಿಟ್ ಕೋಡ್ (ಮುಗಿದಾಗ ಪ್ರೋಗ್ರಾಂ ಕೊಡುವ ಅಂಕಿ). ಔಟ್‌ಪುಟ್ ಒಂದೇ ಸ್ಟ್ರಿಂಗ್ ಆಗಿ ಬೇಕೋ, ಸಾಲುಗಳ ಲಿಸ್ಟ್ ಆಗಿ ಬೇಕೋ, ನೇರ ಫೈಲಿಗೆ ಹೋಗಬೇಕೋ ಎಂಬುದನ್ನು ಕೀವರ್ಡ್‌ನಲ್ಲೇ ಹೇಳಬಹುದು.

ಈ ಫಂಕ್ಷನ್‌ಗೆ ಕಮಾಂಡನ್ನು ಎರಡು ಬಗೆಯಲ್ಲಿ ಕೊಡಬಹುದು. ಸ್ಟ್ರಿಂಗ್ ಕೊಟ್ಟರೆ ಅದು ಶೆಲ್‌ಗೆ, ಅಂದರೆ ಕಮಾಂಡ್ ಸಾಲನ್ನು ಓದಿ ಓಡಿಸುವ ಪ್ರೋಗ್ರಾಂಗೆ, ಹೋಗುತ್ತದೆ. ಲಿಸ್ಟ್ ಕೊಟ್ಟರೆ ಶೆಲ್ ನಡುವೆ ಬರುವುದಿಲ್ಲ, ಪ್ರೋಗ್ರಾಂ ನೇರವಾಗಿ ಓಡುತ್ತದೆ. ನಾನು ಲಿಸ್ಟ್ ಬಿಟ್ಟು ಬೇರೆ ಕೊಡುವುದಿಲ್ಲ, ಇದರಲ್ಲಿ ರಿಯಾಯಿತಿಯೇ ಇಲ್ಲ. ನಮಗೆ ಬರುವ ಫೈಲ್ ಹೆಸರುಗಳನ್ನು ನೋಡಿದರೆ ಕಾರಣ ತಾನೇ ತಿಳಿಯುತ್ತದೆ: ‘ಅಜ್ಜನ ಪುರಾಣ & ವಚನ [2] ಹೊಸದು.ಪಿಡಿಎಫ್’. ಇದನ್ನು ಸ್ಟ್ರಿಂಗ್‌ನಲ್ಲಿ ಹಾಗೇ ಸೇರಿಸಿದರೆ ಸ್ಪೇಸ್ ಇದ್ದಲ್ಲೆಲ್ಲ ಹೆಸರು ಒಡೆಯುತ್ತದೆ, & ಕಂಡಲ್ಲಿ ಶೆಲ್ ಹೊಸ ಕಮಾಂಡ್ ಶುರುವಾಯಿತೆಂದುಕೊಳ್ಳುತ್ತದೆ. ಕೋಟ್ ಹಾಕಿ ಸರಿಪಡಿಸೋಣವೆಂದರೆ ಯುನಿಕ್ಸ್ (ಉಬುಂಟು, ಮ್ಯಾಕ್) ಶೆಲ್‌ನ ಕೋಟ್ ನಿಯಮ ಒಂದು, ವಿಂಡೋಸ್‌ನ ಶೆಲ್ ಆದ ಸಿಎಂಡಿ ನಿಯಮ ಇನ್ನೊಂದು. ಯುನಿಕ್ಸ್‌ನಲ್ಲಿ ಆರ್ಗ್ಯುಮೆಂಟ್‌ಗಳು ಬಿಡಿಬಿಡಿಯಾಗಿಯೇ ಕರ್ನಲ್‌ಗೆ ಹೋಗುತ್ತವೆ. ವಿಂಡೋಸ್‌ನಲ್ಲಿ ಹೊಸ ಪ್ರೋಸೆಸ್‌ಗೆ ಹೋಗುವುದು ಒಂದೇ ಉದ್ದನೆಯ ಸಾಲು, ಅದನ್ನು ಒಡೆದುಕೊಳ್ಳುವುದು ಆ ಪ್ರೋಗ್ರಾಂನ ಜವಾಬ್ದಾರಿ. ಲಿಸ್ಟ್ ಕೊಟ್ಟರೆ ಆ ಸಾಲಿಗೆ ಬೇಕಾದ ಕೋಟ್‌ಗಳನ್ನು ಹಾಕುವ ಕೆಲಸ ನಮ್ಮ ತಲೆಮೇಲೆ ಇರುವುದಿಲ್ಲ. ಡೈರ್, ಕಾಪಿಯಂಥವು ಮಾತ್ರ ಬೇರೆ ಪ್ರೋಗ್ರಾಂಗಳಲ್ಲ, ಸಿಎಂಡಿಯ ಒಳಗೇ ಇರುವ ಕಮಾಂಡ್‌ಗಳು. ಅಂಥ ಕೆಲಸಗಳನ್ನು ಹೊರಗೆ ಕಳಿಸದೆ ಲಿಸ್ಪ್‌ನಲ್ಲೇ ಮುಗಿಸುತ್ತೇನೆ.

ಆ ಚೌಕ ಬ್ರಾಕೆಟ್ಟಿನದು ಇನ್ನೊಂದು ಕಥೆ. ಎಸ್‌ಬಿಸಿಎಲ್ ಪಾತ್‌ನೇಮ್‌ನಲ್ಲಿ [ ಎಂದರೆ ವೈಲ್ಡ್‌ಕಾರ್ಡ್, ಅಂದರೆ ಹಲವು ಹೆಸರಿಗೆ ಹೊಂದುವ ಗುರುತು. ಮಾಮೂಲಿ ರೀತಿ ಓದಿಸಿದರೆ ‘ವಚನ [2]’ ಒಂದು ಫೈಲ್ ಆಗದೆ ಒಂದು ನಮೂನೆ ಆಗಿಬಿಡುತ್ತದೆ, ತೆರೆಯಲು ಬರುವುದಿಲ್ಲ. ಹೊರಗಿನಿಂದ ಬಂದ ಹೆಸರನ್ನು ಯುಐಒಪಿಯ ‘ಪಾರ್ಸ್-ನೇಟಿವ್-ನೇಮ್‌ಸ್ಟ್ರಿಂಗ್’ ಮೂಲಕ ಒಳಗೆ ತರಬೇಕು, ಹೊರಗೆ ಕೊಡುವಾಗ ‘ನೇಟಿವ್-ನೇಮ್‌ಸ್ಟ್ರಿಂಗ್’ ಮೂಲಕ ಕಳಿಸಬೇಕು. ಮಾಮೂಲಿ ನೇಮ್‌ಸ್ಟ್ರಿಂಗ್ ಕೊಟ್ಟರೆ ಬ್ರಾಕೆಟ್ ವೈಲ್ಡ್‌ಕಾರ್ಡ್ ಅಲ್ಲ ಎಂದು ತೋರಿಸಲು ಲಿಸ್ಪ್ ತನಗಾಗಿ ಹಾಕಿಕೊಂಡ ಗುರುತೂ ಟೆಸರಾಕ್ಟ್‌ಗೆ ಹೋಗುತ್ತದೆ.

ವಿಂಡೋಸ್‌ನಲ್ಲಿ ಕನ್ನಡ ಹೆಸರುಗಳದು ಇದಕ್ಕಿಂತ ಗಟ್ಟಿ ತೊಂದರೆ. ವಿಂಡೋಸ್‌ನ ಹಳೆಯ ಆನ್ಸಿ ಕೋಡ್‌ಪೇಜ್‌ಗಳಲ್ಲಿ (ಅಕ್ಷರಕ್ಕೆ ಅಂಕಿ ಕೊಡುವ ಪಟ್ಟಿಗಳಲ್ಲಿ) ಕನ್ನಡಕ್ಕೆ ಒಂದೂ ಇಲ್ಲ, ನಮ್ಮ ಲಿಪಿ ಅಲ್ಲಿ ಯುನಿಕೋಡ್‌ನಲ್ಲಿ ಮಾತ್ರ ಇದೆ. ಹಳೇ ರೀತಿಯಲ್ಲಿ ಬರೆದ ಪ್ರೋಗ್ರಾಂಗೆ ಕನ್ನಡ ಹೆಸರು ಕೊಟ್ಟರೆ ಅದರ ಕೈಗೆ ಸಿಗುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಆ ಹೆಸರಿನ ಫೈಲ್ ಎಲ್ಲಿಂದ ಸಿಗಬೇಕು? ಯಾವ ಪ್ರೋಗ್ರಾಂ ಹೊಸದು, ಯಾವುದು ಹಳೇದು ಎಂದು ಒಂದೊಂದಾಗಿ ಪರೀಕ್ಷೆ ಮಾಡುತ್ತ ಕೂಡುವುದು ನನಗೆ ಸೇರಲಿಲ್ಲ. ಕೆಲಸ ಶುರುವಾಗುವ ಮೊದಲು ಪಿಡಿಎಫ್‌ನ ಒಂದು ಪ್ರತಿಯನ್ನು ಬರೀ ಇಂಗ್ಲಿಷ್ ಅಕ್ಷರ, ಅಂಕಿಗಳ ಹೆಸರಿನಲ್ಲಿ ತಾತ್ಕಾಲಿಕ ಫೋಲ್ಡರ್‌ಗೆ ಹಾಕುತ್ತೇನೆ. ಕನ್ನಡದ ಮೂಲ ಹೆಸರು ಲಿಸ್ಪ್ ಒಳಗೆ ಉಳಿಯುತ್ತದೆ, ಕೊನೆಯ ಫೈಲಿಗೆ ಅದನ್ನೇ ಇಡುತ್ತೇನೆ. ನಮ್ಮ ಊರಿನ ಜನ ತಮ್ಮ ಫೈಲಿಗೆ ತಮ್ಮ ಭಾಷೆಯಲ್ಲಿ ಹೆಸರಿಡುವುದು ಅವರ ಹಕ್ಕು. ‘ಇಂಗ್ಲಿಷಿನಾಗ ಹೆಸರ ಇಟ್ಟು ತರ್ರಿ’ ಎಂದು ಗಿರಾಕಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಪ್ರೋಗ್ರಾಂನ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇಮೇಜ್‌ಮ್ಯಾಜಿಕ್‌ನ ಹಳೇ ಕಮಾಂಡ್ ‘ಕನ್ವರ್ಟ್’. ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲೂ ಅದೇ ಹೆಸರಿನ ಪ್ರೋಗ್ರಾಂ ಇದೆ, ಅದರ ಕೆಲಸ ಡಿಸ್ಕನ್ನು ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಬದಲಿಸುವುದು! ಇಮೇಜ್‌ಮ್ಯಾಜಿಕ್ 7ರಿಂದ ಮುಖ್ಯ ಕಮಾಂಡ್ ‘ಮ್ಯಾಜಿಕ್’ ಆಗಿರುವುದರಿಂದ ಈ ಗೊಂದಲ ತಪ್ಪಿದೆ. ಆದರೂ ಪ್ರತಿ ಮಶೀನ್‌ನಲ್ಲಿ ಒಂದು ಚಿಕ್ಕ ಸೆಟ್ಟಿಂಗ್ ಫೈಲ್ ಇಟ್ಟು, ಪ್ರತಿ ಪ್ರೋಗ್ರಾಂನ ಪೂರ್ತಿ ವಿಳಾಸವನ್ನು ಅದರಲ್ಲೇ ಬರೆದಿಡುತ್ತೇನೆ. ಮಶೀನ್‌ನಿಂದ ಮಶೀನ್‌ಗೆ ಬದಲಾಗುವುದು ಆ ಫೈಲ್ ಒಂದೇ.

ಇನ್ನು ಪೈಪ್, ಅಂದರೆ ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಸಾಗುವ ಕೊಳವೆ. ಟೆಸರಾಕ್ಟ್ ಓದಿದ ಅಕ್ಷರಗಳನ್ನು ಔಟ್‌ಪುಟ್‌ಗೆ ಬಿಡುತ್ತದೆ, ರೆಸಲ್ಯೂಷನ್ ಅಂದಾಜು ಮಾಡಿದೆ ಎಂಬಂಥ ಟಿಪ್ಪಣಿಗಳನ್ನು ಎರರ್ ಔಟ್‌ಪುಟ್‌ಗೆ ಬಿಡುತ್ತದೆ. ಲಿನಕ್ಸ್‌ನಲ್ಲಿ ಒಂದು ಪೈಪ್ ಮಾಮೂಲಾಗಿ 65,536 ಬೈಟ್ ಹಿಡಿಯುತ್ತದೆ. ನಾವು ಔಟ್‌ಪುಟ್ ಮುಗಿಯುವತನಕ ಓದಿ ಆಮೇಲೆ ಎರರ್ ನೋಡೋಣ ಎಂದು ಕೂತರೆ, ಎರರ್ ಪೈಪ್ ತುಂಬಿದ ಕೂಡಲೇ ಆ ಪ್ರೋಗ್ರಾಂ ನಮಗಾಗಿ ಕಾಯುತ್ತದೆ, ನಾವು ಅದಕ್ಕಾಗಿ ಕಾಯುತ್ತೇವೆ, ಎರಡೂ ಅಲ್ಲೇ ನಿಲ್ಲುತ್ತವೆ. ನಾಲ್ಕು ಪುಟದ ಪರೀಕ್ಷೆಯಲ್ಲಿ ಇದು ಕಾಣಿಸುವುದಿಲ್ಲ, ಟಿಪ್ಪಣಿ ಹೆಚ್ಚಾದಾಗ ಕಾಣಿಸುತ್ತದೆ. ಯುಐಒಪಿ ಎರಡನ್ನೂ ಹಿಡಿಯಬೇಕಾದಾಗ ಒಂದನ್ನು ನೇರವಾಗಿ ಓದಿ ಇನ್ನೊಂದನ್ನು ತಾತ್ಕಾಲಿಕ ಫೈಲಿಗೆ ತಿರುಗಿಸುತ್ತದೆ. ಸ್ಟ್ರೀಮ್‌ಗಳನ್ನು ಕೈಯಾರೆ ನಿಭಾಯಿಸದೆ ರನ್-ಪ್ರೋಗ್ರಾಂಗೇ ಬಿಡಲು ನನಗೆ ಇದೊಂದೇ ಕಾರಣ ಸಾಕು.

ಅಂಗಡಿಯ ಟೈಪಿಂಗ್ ಅಕ್ಕ ಪರದೆ ಮೇಲೆ ಆ ಟಿಪ್ಪಣಿಗಳನ್ನು ನೋಡಿ ಕೇಳಿದ್ದರು: ‘ಸರ, ಏನೇನೋ ಇಂಗ್ಲಿಷಿನಾಗ ಬರ್ಲಾಕತ್ತಾವ್ರಿ, ಕೆಲಸ ಕೆಡ್ತೇನ್ರಿ?’

‘ಇಲ್ರಿ ಅಕ್ಕಾ, ಅದು ತನ್ನ ಪಾಡಿಗೆ ಮಾತಾಡ್ತದ. ಕೆಟ್ರ ನಾನೇ ಬ್ಯಾರೆ ತೋರಸ್ತೀನಿ.’

ಕೆಟ್ಟಿತೋ ಇಲ್ಲವೋ ಹೇಳುವುದು ಎಕ್ಸಿಟ್ ಕೋಡ್, ಎರರ್ ಔಟ್‌ಪುಟ್ ಅಲ್ಲ. ಸೊನ್ನೆ ಬಂದರೆ ಸರಿ. ಬೇರೆ ಬಂದರೆ ಯುಐಒಪಿ ತಾನೇ ಕಂಡೀಷನ್ (ಲಿಸ್ಪ್‌ನ ಎರರ್ ಸೂಚನೆ) ಎಬ್ಬಿಸುತ್ತದೆ. ಒಂದು ಪುಟ ಕೆಟ್ಟರೆ ಇಡೀ ಪುಸ್ತಕ ನಿಲ್ಲಬಾರದು, ಆದ್ದರಿಂದ ಅದನ್ನು ಹಿಡಿದು, ಪುಟದ ಅಂಕಿಯನ್ನೂ ಎರರ್ ಮಾತನ್ನೂ ಒಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತೇನೆ. ಆ ಪಟ್ಟಿಯಷ್ಟೇ ಅಕ್ಕನ ಪರದೆಗೆ ಬರುತ್ತದೆ, ಕನ್ನಡದಲ್ಲಿ.

ಗೆದ್ದಲು ಹತ್ತಿದ ಪುಟಗಳಲ್ಲಿ ಟೆಸರಾಕ್ಟ್ ಬಹಳ ಹೊತ್ತು ಹಿಡಿಯುತ್ತದೆ. ಯುಐಒಪಿಯ ರನ್-ಪ್ರೋಗ್ರಾಂನಲ್ಲಿ ಸಮಯದ ಮಿತಿ ಹಾಕುವ ಕೀವರ್ಡ್ ಇಲ್ಲ. ಇಲ್ಲಿ ಮಾತ್ರ ‘ಲಾಂಚ್-ಪ್ರೋಗ್ರಾಂ’ ಬಳಸುತ್ತೇನೆ: ಔಟ್‌ಪುಟ್, ಎರರ್ ಎರಡನ್ನೂ ಫೈಲಿಗೆ ಬಿಟ್ಟು, ಪ್ರೋಸೆಸ್ ಜೀವಂತ ಇದೆಯೇ ಎಂದು ಆಗಾಗ ಕೇಳಿ, ಹೊತ್ತು ಮೀರಿದರೆ ‘ಟರ್ಮಿನೇಟ್-ಪ್ರೋಸೆಸ್’ ಕರೆಯುತ್ತೇನೆ. ಲಿಸ್ಟ್ ಕೊಟ್ಟದ್ದು ಇಲ್ಲೂ ಉಪಯೋಗಕ್ಕೆ ಬರುತ್ತದೆ. ವಿಂಡೋಸ್‌ನಲ್ಲಿ ಸಿಎಂಡಿ ಮೂಲಕ ಓಡಿಸಿದ್ದರೆ ಸಾಯುವುದು ಸಿಎಂಡಿ, ಅದರ ಕೆಳಗಿನ ಟೆಸರಾಕ್ಟ್ ಓಡುತ್ತಲೇ ಇರುತ್ತದೆ. ಲಾಂಚ್-ಪ್ರೋಗ್ರಾಂ ಎಲ್ಲ ಲಿಸ್ಪ್‌ಗಳಲ್ಲೂ ಪೂರ್ತಿ ನಡೆಯುವುದಿಲ್ಲ, ಎಸ್‌ಬಿಸಿಎಲ್ ಮತ್ತು ಸಿಸಿಎಲ್‌ನಲ್ಲಿ ನಮಗೆ ತೊಂದರೆ ಬಂದಿಲ್ಲ.

ಬೇರೆ ಮಶೀನ್‌ಗೆ ಕೋಡ್ ಹಾಕಿದಾಗ ಮೊದಲು ಓಡಿಸುವುದು ಒಂದೇ ಪುಟದ ಒಂದು ಪಿಡಿಎಫ್. ಅದರ ಹೆಸರಿನಲ್ಲಿ ಕನ್ನಡ, ಸ್ಪೇಸ್, &, ಚೌಕ ಬ್ರಾಕೆಟ್ ಎಲ್ಲವೂ ಇರುತ್ತವೆ. ಅದು ಕೊನೆತನಕ ಹೋಗಿ ಅದೇ ಹೆಸರಿನ ಪಠ್ಯ ಫೈಲ್ ಬಂದರೆ, ಆಮೇಲೆ ಗಿರಾಕಿಯ ಪುಸ್ತಕ ಹಚ್ಚುತ್ತೇನೆ.