ಬ್ರಿಸ್ಟಲ್ ವಸ್ತುಸಂಗ್ರಹಾಲಯದಲ್ಲಿ ಅಮೆರಿಕದ ಜನಪದ ಸಂಗೀತದ ಪಾಠ

ವರ್ಜೀನಿಯಾದ ಬ್ರಿಸ್ಟಲ್‌ನಲ್ಲಿ 2014ರಲ್ಲಿ ತೆರೆದ ಕಂಟ್ರಿ ಸಂಗೀತದ (ಅಮೆರಿಕದ ಗ್ರಾಮೀಣ ಜನಪದ ಹಾಡುಗಳಿಂದ ಬೆಳೆದ ಪ್ರಕಾರ) ವಸ್ತುಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮೊದಲು, 1927ರ ಬೇಸಿಗೆಯಲ್ಲಿ ವಿಕ್ಟರ್ ಎಂಬ ಧ್ವನಿಮುದ್ರಣ ಕಂಪನಿಗಾಗಿ ರಾಲ್ಫ್ ಪಿಯರ್ ಎರಡು ರಾಜ್ಯಗಳ ಗಡಿಯ ಮೇಲಿರುವ ಅದೇ ಊರಿನ ಟೆನೆಸಿ ಬದಿಯಲ್ಲಿ ಧ್ವನಿಮುದ್ರಿಸಿಕೊಂಡ ಕಾರ್ಟರ್ ಕುಟುಂಬ ಹಾಗೂ ಜಿಮ್ಮಿ ರಾಜರ್ಸ್ ಅವರ ಹಾಡುಗಳನ್ನು ತರಗತಿಯಲ್ಲೇ, ಯಾವ ವಿವರಣೆಯನ್ನೂ ಕೊಡದೆ, ಕೇಳಿಸಬೇಕು. ಕಿವಿಗೆ ಬಿದ್ದ ವಾದ್ಯಗಳನ್ನು ಅವರೇ ಬರೆದಿಟ್ಟುಕೊಳ್ಳಲಿ.

ಒಳಗೆ ಹೋದ ಮೇಲೆ ಎಲ್ಲವನ್ನೂ ತೋರಿಸುವ ಆತುರ ಬೇಡ. ಧ್ವನಿಮುದ್ರಣದ ಕತೆಗೆ ಹೆಚ್ಚು ಸಮಯ ಕೊಟ್ಟು, ಮೊದಲು ದನಿ ಹಿಡಿಯಲು ಬಳಸುತ್ತಿದ್ದ ಕೊಳವೆಯ ಜಾಗಕ್ಕೆ ವಿದ್ಯುತ್ ಮೈಕ್ರೋಫೋನ್ ಬಂದದ್ದರಿಂದ ಮೆಲುದನಿಯ ಹಾಡುಗಾರಿಕೆಯೂ ಗ್ರಾಮಫೋನ್ ತಟ್ಟೆಯಲ್ಲಿ ಸ್ಪಷ್ಟವಾಗಿ ಮೂಡಲು ಸಾಧ್ಯವಾಯಿತೆಂಬುದನ್ನು ವಿವರಿಸಬೇಕು. ಬ್ಯಾಂಜೋ ಎಂಬ ತಂತಿವಾದ್ಯದ ಮಾತು ಬಂದಾಗ, ಅದರ ಮೂಲ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಾದ್ಯಪರಂಪರೆಯಲ್ಲಿದೆಯೆಂದು ತಪ್ಪದೆ ಹೇಳಬೇಕು. ಇದನ್ನು ಬಿಟ್ಟರೆ ಪಾಠ ಅರ್ಧವೇ ಆದೀತು.

ಮರಳಿದ ಮೇಲೆ ಪರೀಕ್ಷೆ ಬೇಕಿಲ್ಲ. ಪ್ರತಿ ಗುಂಪೂ ಒಬ್ಬ ಕಲಾವಿದರನ್ನೋ ಒಂದು ವಾದ್ಯವನ್ನೋ ಆರಿಸಿಕೊಂಡು ಒಂದು ಪುಟ ಬರೆದರೆ ಸಾಕು.