ಕೆಂಚಿಗೆ ಕಷ್ಟವಾದದ್ದು ನಮ್ಮ ಮನೆಯ ಟೈಲ್ಸ್

ಕೆಂಚಿಯನ್ನು ಮನೆಗೆ ತಂದಾಗ ಅವಳಿಗೆ ಏಳು ತಿಂಗಳು. ಮೈಸೂರಿನ ಹೊರವಲಯದ ಆಶ್ರಯಧಾಮವೊಂದರಲ್ಲಿದ್ದ ನಾಡು ನಾಯಿ. ಗಾಡಿ ಹೊಡೆದು ಎಡ ಮುಂಗಾಲಿನ ಮೂಳೆ ನುಚ್ಚಾಗಿತ್ತಂತೆ, ಭುಜದವರೆಗೂ ತೆಗೆದಿದ್ದರು. ಅರ್ಧ ಕಾಲಾದರೂ ಉಳಿಸಬಹುದಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಡಾಕ್ಟರು ಬಿಡಿಸಿ ಹೇಳಿದರು: ಮೊಂಡು ಉಳಿದರೆ ನಾಯಿ ಅದನ್ನೇ ಊರಲು ಹೋಗುತ್ತದೆ, ನೆಲಕ್ಕೆ ತಾಗಿ ತಾಗಿ ಹುಣ್ಣಾಗುತ್ತದೆ.

ತರುವ ಮುಂಚೆ ಮೂರು ಭಾನುವಾರ ಹೋಗಿ ಅವಳ ಜೊತೆ ಸುಮ್ಮನೆ ಕೂತು ಬಂದೆ. ಅಲ್ಲಿನ ಮಣ್ಣಿನಂಗಳದಲ್ಲಿ ಬೇರೆ ಮರಿಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಎರಡೂ ಆಗಿದ್ದವು.

ಆದರೆ ನಮ್ಮ ಮನೆಯಲ್ಲಿ ಅವಳು ಮೂಲೆ ಬಿಟ್ಟು ಏಳಲೇ ಇಲ್ಲ. ನೀರಿಗೆಂದು ಎದ್ದರೆ ಜಾರಿ ಗದ್ದ ನೆಲಕ್ಕೆ ಬಡಿಯುತ್ತಿತ್ತು. ಹೊಸ ಜಾಗ, ಹೆದರಿದ್ದಾಳೆ ಅಂತ ನಾವು ಐದು ದಿನ ಕಾದೆವು. ಆರನೇ ದಿನ ಅತ್ತೆ, "ಹಿತ್ತಲಲ್ಲಿ ಚೆನ್ನಾಗೇ ಓಡಾಡ್ತಾಳಲ್ಲಮ್ಮ, ಒಳಗೆ ಬಂದ್ರೆ ಮಾತ್ರ ಹೀಗೆ" ಅಂದರು. ಆಗ ಅರ್ಥವಾಯಿತು. ನಾಯಿಯ ಮೈಭಾರದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲೇ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲನ್ನು ಒಂದೇ ಕಾಲು ಹೊರಬೇಕು, ಕೆಳಗೆ ಕನ್ನಡಿಯಂಥ ಟೈಲ್ಸ್!

ಜಮಖಾನ ಹಾಸಿದೆ, ಅವಳ ಜೊತೆ ಅದೂ ಜಾರಿತು. ಕೊನೆಗೆ ತಳದಲ್ಲಿ ರಬ್ಬರ್ ಇರುವ ಮ್ಯಾಟ್‌ಗಳನ್ನು ತಂದು, ಅವಳ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಒಂದು ದಾರಿ ಮಾಡಿದೆ. ಅವತ್ತು ಸಂಜೆಯೇ ಬಾಲ ಆಡಿಸುತ್ತಾ ಅಡುಗೆಮನೆಗೆ ಬಂದಳು. ತಲೆ ಬಗ್ಗಿಸಿ ತಿನ್ನುವಾಗ ಮುಂದಕ್ಕೆ ವಾಲುತ್ತಿದ್ದಳು. ಎರಡು ಮಣೆ ಒಂದರ ಮೇಲೊಂದಿಟ್ಟು, ಅದರ ಮೇಲೆ ತಟ್ಟೆ ಇಟ್ಟ ಮೇಲೆ ಅದೂ ಸರಿಹೋಯಿತು.

ಅಂಗಡಿಯ ಹಾರ್ನೆಸ್ (ಎದೆಗೂ ಬೆನ್ನಿಗೂ ಸುತ್ತಿ ಹಾಕುವ ಪಟ್ಟಿ) ಕಾಲಿಲ್ಲದ ಕಡೆ ಸರಿದು ಉಜ್ಜಿ ಚರ್ಮ ಕೆಂಪಾಯಿತು. ಬ್ಯಾಗ್ ಹೊಲಿಯುವವರ ಹತ್ತಿರ ಅಗಲ ಪಟ್ಟಿ ಹಾಕಿಸಿ, ಒಳಗೆ ಮೆತ್ತನೆ ಬಟ್ಟೆ ಕೊಡಿಸಿದೆ. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ಎಳೆದರೆ ಇಂಥ ನಾಯಿ ಮುಗ್ಗರಿಸುತ್ತದೆ, ಅದು ಬೇಡವೇ ಬೇಡ.

ಮೂರು ಕಾಲಿನ ನಾಯಿಗೆ ಓಡುವುದಕ್ಕಿಂತ ನಿಧಾನಕ್ಕೆ ನಡೆಯುವುದೇ ಕಷ್ಟ. ಓಟದಲ್ಲಿ ಮೈ ತಾನಾಗಿ ಮುಂದೆ ಹೋಗುತ್ತದೆ, ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಕುಪ್ಪಳಿಸಬೇಕು. ಅದಕ್ಕೇ ಒಂದೇ ಸಲ ಅರ್ಧ ಗಂಟೆ ಸುತ್ತಿಸುವ ಬದಲು ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಕರೆದೊಯ್ಯುತ್ತೇನೆ. ಅವಳು ಕೂತಲ್ಲಿ ನಾನೂ ಕೂರುತ್ತೇನೆ.

ನನಗೆ ಈಗಲೂ ಚಿಂತೆ ಇರುವುದು ತೂಕದ್ದು. ಬೀದಿಯಲ್ಲಿ ನೋಡಿದವರೆಲ್ಲ "ಅಯ್ಯೋ ಪಾಪ" ಅಂದು ಬಿಸ್ಕತ್ತು ಕೊಡುತ್ತಾರೆ. ಎರಡೇ ತಿಂಗಳಲ್ಲಿ ಪಕ್ಕೆಲುಬು ಕೈಗೆ ಸಿಗದಷ್ಟು ಕೊಬ್ಬು ಬಂತು. ಆ ಭಾರದಲ್ಲಿ ದೊಡ್ಡ ಪಾಲು ಹೋಗಿ ಕೂರುವುದು ಉಳಿದಿರುವ ಒಂದು ಭುಜದ ಮೇಲೆ. ಮನೆಮನೆಗೆ ಹೋಗಿ ಕೈಮುಗಿದು ಹೇಳಿ ಬಂದೆ: ಪಾಪ ಅನ್ನಿಸಿದರೆ ತಲೆ ಸವರಿ, ತಿನ್ನಲು ಕೊಡಬೇಡಿ. ಈಗ ಅಳತೆ ಮಾಡಿ ಅನ್ನ, ಬೇಯಿಸಿದ ಕೋಳಿ, ಕುಂಬಳಕಾಯಿ ಹಾಕುತ್ತೇನೆ. ಪಕ್ಕೆಲುಬು ಮತ್ತೆ ಬೆರಳಿಗೆ ಸಿಗುತ್ತಿವೆ.

ಒಂದು ಕೆಲಸ ಮಾತ್ರ ಅವಳಿಗೆ ಒಂಟಿಯಾಗಿ ಆಗುವುದಿಲ್ಲ. ಕಡಿಯುವ ಹಗ್ಗವನ್ನು ಬೇರೆ ನಾಯಿಗಳು ಎರಡು ಮುಂಗಾಲಲ್ಲಿ ಅವುಚಿ ಹಿಡಿಯುತ್ತವೆ. ಕೆಂಚಿ ಅದನ್ನು ಕಚ್ಚಿಕೊಂಡು ನಾನಿರುವಲ್ಲಿಗೆ ಬಂದು, ನನ್ನ ಪಾದಕ್ಕೆ ಒತ್ತಿಟ್ಟು ತನ್ನ ಒಂದು ಕಾಲಿನಿಂದ ಅದುಮಿ ಕಡಿಯುತ್ತಾಳೆ. ಮುಗಿಯುವವರೆಗೂ ನಾನು ಕಾಲು ಅಲ್ಲಾಡಿಸುವುದಿಲ್ಲ.