ಇಳಿಜಾರಿನ ತಾಲೀಮು: ಬೆಟ್ಟದ ಓಟಕ್ಕೂ ಟೆನ್‌ಕೆಗೂ ನಮ್ಮ ಕ್ಲಬ್ ಮಾಡಿದ್ದು

ಇಳಿಜಾರಲ್ಲಿ ಜೋರಾಗಿ ಓಡಿದರೆ ಮಂಡಿ ಹೋಗುತ್ತೆ, ಬೆಟ್ಟ ಹತ್ತಿಳಿದವರಿಗೆ ರಸ್ತೆಯ ವೇಗ ಹೋಗುತ್ತೆ. ಮೈಸೂರಿನ ಓಟಗಾರರ ನಡುವೆ ಈ ಎರಡು ಮಾತು ಕೇಳದ ದಿನವಿಲ್ಲ. ಇಳಿಯುವುದನ್ನೇ ವಾರದ ಮುಖ್ಯ ತಾಲೀಮು ಮಾಡಲು ಹೊರಟಾಗ ಟ್ರ್ಯಾಕಿನಲ್ಲಿ ಪಳಗಿದ ಹಿರಿಯರು ‘ಮೂರು ತಿಂಗಳಲ್ಲಿ ಅರ್ಧ ಕ್ಲಬ್ಬು ಫಿಸಿಯೋ ಹತ್ರ ಕೂತಿರುತ್ತೆ’ ಅಂದಿದ್ದರು. ಈಗ ಎರಡು ಸೀಸನ್ ಮುಗಿದಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿಯ ನಡುವಿನ ನಂದಿ ವಿಗ್ರಹದಿಂದ ಪಾದದ ಕಡೆಗೆ ಇಳಿಯುವ ಸಮಯ ನಮ್ಮವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇಳಿದಿದೆ. ಟೆನ್‌ಕೆಯಲ್ಲಿ, ಅಂದರೆ 10 ಕಿ.ಮೀ. ರಸ್ತೆ ಓಟದಲ್ಲಿ, 55 ನಿಮಿಷದ ಹತ್ತಿರ ಸಿಕ್ಕಿಕೊಂಡಿದ್ದ ಏಳೆಂಟು ಮಂದಿ 50–51ಕ್ಕೆ ಬಂದಿದ್ದಾರೆ. ಮಂಡಿ ನೋವೆಂದು ಬಿಟ್ಟವರು ಇಬ್ಬರೇ, ಅದರಲ್ಲಿ ಒಬ್ಬರ ನೋವು ಹಳೆಯದು.

ವಾರ್ಮ್‌ಅಪ್, ಸ್ಟ್ರೆಚಿಂಗ್, ವಾರಕ್ಕೆ ಎಷ್ಟು ಕಿ.ಮೀ. ಎಂಬುದೆಲ್ಲ ಓದುವವರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಹೇಳಬೇಕಾದ್ದು ಇಷ್ಟು: ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಏರುವ ಕೆಲಸಕ್ಕಿಂತ ಇದು ಬೇರೆ, ಪೆಟ್ಟೂ ಜಾಸ್ತಿ. ನೋವು ಓಡಿದ ದಿನ ಕಾಣುವುದಿಲ್ಲ, ಎರಡನೇ ದಿನ ಕಾಣುತ್ತದೆ. ಮೊದಲ ಸಲ ಸ್ವಲ್ಪವೇ ಇಳಿದು ಬಿಟ್ಟರೂ ಸ್ನಾಯು ಅದನ್ನು ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ, ಅದೇ ಓಟಕ್ಕೆ ಎರಡನೇ ಸಲ ಅರ್ಧವೂ ನೋಯುವುದಿಲ್ಲ. ನಮ್ಮನ್ನು ನಂಬದವರೆಲ್ಲ ಮೊದಲ ದಿನವೇ ಗುಡಿಯಿಂದ ಪಾದದವರೆಗೆ ಧಾವಿಸಿ, ಮೂರು ದಿನ ಮನೆಯ ಮೆಟ್ಟಿಲು ಇಳಿಯಲಾಗದೆ, ಅಲ್ಲಿಗೇ ತೀರ್ಪು ಕೊಟ್ಟವರು.

ನಮ್ಮ ಕ್ರಮ ಶುರುವಾಗುವುದು ಮೆಟ್ಟಿಲಲ್ಲಲ್ಲ, ಉತ್ತನಹಳ್ಳಿ ಕಡೆಯ ಡಾಂಬರು ರಸ್ತೆಯಲ್ಲಿ. ನೂರು ಮೀಟರಿಗೆ ಆರೇಳು ಮೀಟರು ಇಳಿಯುವ, ತಿರುವಿಲ್ಲದ ತುಂಡೊಂದನ್ನು ಆರಿಸಿಕೊಳ್ಳಬೇಕು. ಅದಕ್ಕಿಂತ ಕಡಿದಾದರೆ ಹೊಸಬರು ಓಡುವುದಿಲ್ಲ, ಬ್ರೇಕು ಹಾಕುತ್ತಾರೆ. ಮೊದಲ ಎರಡು ವಾರ 200 ಮೀಟರಿನ ನಾಲ್ಕು ಇಳಿತ, ಮೈಯ ಶಕ್ತಿಯ ಮುಕ್ಕಾಲಿಗಿಂತ ಕಡಿಮೆ, ವಾಪಸ್ ನಡೆದೇ ಹತ್ತಬೇಕು. ಮೂರು ನಾಲ್ಕನೇ ವಾರ ಅದೇ 200 ಮೀಟರು, ಆರು ಸಲ. ಆಮೇಲೆ 400 ಮೀಟರು ನಾಲ್ಕು ಸಲ. ಎರಡು ತಿಂಗಳ ಹೊತ್ತಿಗೆ ಒಂದೊಂದು ಕಿ.ಮೀ.ನ ಮೂರು ಇಳಿತ. ಉದ್ದ, ಸಂಖ್ಯೆ, ಕಡಿದು ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಹೆಚ್ಚಿಸುವುದು. ಮೂರನೇ ದಿನವೂ ಮನೆಯ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದರೆ ಮುಂದಿನ ಇಳಿತ ರದ್ದು. ಎಷ್ಟೇ ಹುರುಪಿನವರಾದರೂ ಇದರಲ್ಲಿ ರಿಯಾಯಿತಿ ಇಲ್ಲ. ವಾಹನಗಳ ಕಾರಣಕ್ಕೆ ಬೆಳಿಗ್ಗೆ ಬೇಗ ಮುಗಿಸುತ್ತೇವೆ. ಆದರೆ ಕತ್ತಲಲ್ಲಿ ಬೆಟ್ಟದ ಕಡೆ ಕಾಲಿಡುವುದಿಲ್ಲ, ಚಿರತೆ ಓಡಾಡುವ ಜಾಗ ಅದು.

ಮೆಟ್ಟಿಲಿನ ಸರದಿ ಮೂರನೇ ತಿಂಗಳಿಗೆ. ಇಲ್ಲಿ ಜಾಗವನ್ನು ಓದಲು ಬರಬೇಕು. ನಂದಿಯವರೆಗಿನ ಕೆಳಭಾಗ ಕಡಿದು, ಮೇಲಿನದು ಸ್ವಲ್ಪ ಸಲೀಸು. ಕಲ್ಲುಗಳ ಎತ್ತರ ಒಂದೇ ಸಮ ಇಲ್ಲ, ಅಂಚು ಸವೆದು ನುಣುಪಾಗಿವೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಾರಲ್ಲ, ಆ ಪುಡಿಯ ಮೇಲೆ ಇಬ್ಬನಿ ಬಿದ್ದರೆ ಷೂ ಹಿಡಿಯುವುದೇ ಇಲ್ಲ. ಪುಡಿ ಸಾಮಾನ್ಯವಾಗಿ ಮೆಟ್ಟಿಲಿನ ನಡುವೆ ಮತ್ತು ಎದುರು ಮುಖದಲ್ಲಿರುತ್ತದೆ. ಅದಕ್ಕೇ ನಾವು ಒಂದು ಪಕ್ಕದ ಅಂಚಿಗೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಇಳಿಯುತ್ತೇವೆ. ಮಂಗಳವಾರ, ಶುಕ್ರವಾರ ಜೋರು ಇಳಿತ ಇಲ್ಲ. ಆಷಾಢ ಪೂರ್ತಿ ಮೆಟ್ಟಿಲಿಗೆ ರಜೆ. ಭಕ್ತರು ಹತ್ತುವ ದಾರಿ ಅದು, ನಾವು ಅಲ್ಲಿಗೆ ಎರಡನೆಯವರು. ಎದುರಿಗೆ ಯಾರೇ ಬಂದರೂ ನಡಿಗೆಗೆ ಇಳಿಯುವುದು ಕ್ಲಬ್ಬಿನ ಕಟ್ಟಳೆ.

ಹೆಜ್ಜೆಯ ವಿಷಯಕ್ಕೆ ಬಂದರೆ, ಕಣ್ಣು ಈಗಿನ ಮೆಟ್ಟಿಲ ಮೇಲಿರದೆ ಐದಾರು ಮೆಟ್ಟಿಲು ಮುಂದಿರಬೇಕು. ಪಾದ ಸೊಂಟದ ನೇರ ಕೆಳಗೆ ಬೀಳಬೇಕು, ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕು, ಆ ಪೆಟ್ಟು ನೇರ ಮಂಡಿಗೆ. ತೋಳು ಪಕ್ಕಕ್ಕೆ ಅಗಲವಾಗಿ ಇರಲಿ, ನೋಡಲು ಚೆನ್ನಾಗಿರುವುದಿಲ್ಲ, ಆದರೆ ಕಾಲು ಉಳುಕದಂತೆ ಕಾಯುವುದು ಅದೇ. ಹೆಜ್ಜೆ ಚಿಕ್ಕದು, ಸಂಖ್ಯೆ ಜಾಸ್ತಿ. ಬೀಳುವುದು ಬಹುತೇಕ ಕೊನೆಯ ನೂರು ಮೆಟ್ಟಿಲಲ್ಲಿ. ತೊಡೆ ಸೋತು ಹೆಜ್ಜೆ ತಡವಾಗುತ್ತದೆ, ಕಣ್ಣು ಪಾದದ ಬಳಿಯ ಅಂಗಡಿಗಳ ಕಡೆ ಹೋಗಿರುತ್ತದೆ. ಆ ನೂರು ಮೆಟ್ಟಿಲಿಗೆ ಗಡಿಯಾರವನ್ನೇ ನಿಲ್ಲಿಸಿಬಿಟ್ಟೆವು, ಅಲ್ಲಿ ಸಮಯ ಲೆಕ್ಕಕ್ಕಿಲ್ಲ. ಬೀಳುವುದು ತಕ್ಷಣ ಕಡಿಮೆಯಾಯಿತು. ಸುಸ್ತಾದ ತೊಡೆಯಲ್ಲೂ ಹೆಜ್ಜೆ ತಡವಾಗದ ಹಾಗೆ ಮಾಡುವ ಉಸಿರಿನ ಎಣಿಕೆಯೊಂದು ನಮ್ಮಲ್ಲಿದೆ. ಅದನ್ನು ಬೆಟ್ಟಕ್ಕೆ ಬಂದವರಿಗೆ ಎದುರಿಗೇ ತೋರಿಸುತ್ತೇವೆ, ಬರೆದರೆ ತಪ್ಪಾಗಿ ಮಾಡಿ ಬೀಳುತ್ತಾರೆ.

ಷೂಗೆ ಹೋದ ದುಡ್ಡು ಕಮ್ಮಿಯಲ್ಲ. ಒಳ್ಳೆಯ ಟ್ರೇಲ್ ಷೂ, ಅಂದರೆ ಗುಡ್ಡದ ಕಚ್ಚಾ ದಾರಿಗೆಂದೇ ಮಾಡಿದ ಷೂ, ಏಳರಿಂದ ಒಂಬತ್ತು ಸಾವಿರ, ರಸ್ತೆಗೆ ಇನ್ನೊಂದು ಜೊತೆ ಬೇರೆ. ಎಲ್ಲರಿಗೂ ಇದು ಆಗುವುದಿಲ್ಲ. ಹಾಗಾಗಿ ಸವೆದ ರಸ್ತೆ ಷೂಗೆ ಹಳೇ ಸೈಕಲ್ ಟೈರಿನ ಪಟ್ಟಿ ಅಂಟಿಸುವ ಪ್ರಯೋಗ ನಡೆಯಿತು. ಚಪ್ಪಲಿ ಹೊಲಿಯುವವರು ಒಂದು ಜೊತೆಗೆ 350–400 ರೂಪಾಯಿ ತೆಗೆದುಕೊಂಡರು. ಇಡೀ ಅಡಿಗೆ ಒಂದೇ ತುಂಡು ಅಂಟಿಸಿದ್ದು ಎರಡು ಮೂರು ಓಟಕ್ಕೇ ಮುಂಗಾಲಿನ ಕಡೆ ಬಾಯಿ ಬಿಟ್ಟಿತು. ಷೂವಿನ ಫೋಮು ಬಾಗುವಷ್ಟು ಟೈರಿನ ರಬ್ಬರು ಬಾಗುವುದಿಲ್ಲ, ಆ ಎಳೆತಕ್ಕೆ ಅಂಚು ಏಳುತ್ತದೆ. ತುದಿಗೆ ಹೊಲಿಗೆ ಹಾಕಿಸಿದರೆ ಫೋಮೇ ಹರಿಯಿತು. ಕೊನೆಗೆ ಬೆರಳಗಲದ ಪಟ್ಟಿಗಳನ್ನು ಅಡ್ಡಡ್ಡ, ನಡುವೆ ಸಂದು ಬಿಟ್ಟು ಅಂಟಿಸಿದ್ದು ನಿಂತಿತು. 150 ಕಿ.ಮೀ. ತನಕ ಧಾರಾಳ ಬರುತ್ತದೆ, ಒಂದು ಷೂಗೆ 50–60 ಗ್ರಾಂ ತೂಕ ಏರುತ್ತದೆ. ಅಂಟಿಸುವ ಮೊದಲು ಫೋಮಿಗೆ ಏನು ಹಚ್ಚುತ್ತೇವೆ ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಉಂಗುಟದ ಉಗುರು ಕಪ್ಪಾಗುವ ಕಾಟಕ್ಕೆ ದೊಡ್ಡ ಸೈಜು ಮಾತ್ರ ಸಾಕಾಗುವುದಿಲ್ಲ. ಲೇಸಿನ ಕೊನೆಯ ಎರಡು ತೂತುಗಳ ನಡುವೆ ಆಯಾ ಪಕ್ಕದಲ್ಲೇ ಕುಣಿಕೆ ಮಾಡಿ, ಎದುರಿನ ಲೇಸನ್ನು ಅದರೊಳಗೆ ತೂರಿಸಿ ಬಿಗಿಯಬೇಕು. ಹಿಮ್ಮಡಿ ಕೂತಲ್ಲೇ ಕೂರುತ್ತದೆ, ಬೆರಳು ಮುಂದಕ್ಕೆ ನುಗ್ಗುವುದಿಲ್ಲ. ಉಗುರನ್ನು ರೇಸಿನ ಹಿಂದಿನ ರಾತ್ರಿ ಕತ್ತರಿಸಬಾರದು, ಮೂರು ದಿನ ಮೊದಲೇ ಆಗಿರಬೇಕು.

ಏರುವುದಕ್ಕೆ ನಾವು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಕಡಿದಿನಲ್ಲಿ ನಡೆಯುತ್ತೇವೆ, ಎರಡೂ ಅಂಗೈ ತೊಡೆಯ ಮೇಲೆ ಊರಿ. ಓಡಿ ಹತ್ತಿದವರು ಮೇಲೆ ಹೋಗಿ ಉಸಿರು ಹುಡುಕುವ ಹೊತ್ತಿಗೆ ನಡೆದು ಹತ್ತಿದವರು ಇಳಿಯಲು ಶುರು ಮಾಡಿರುತ್ತಾರೆ. ಇದು ಇಂಗ್ಲೆಂಡಿನ ಫೆಲ್ (ಅಂದರೆ ಗುಡ್ಡದ) ಓಟಗಾರರು ಬಹುಕಾಲದಿಂದ ಮಾಡುತ್ತಿರುವುದೇ. ಅಲ್ಲಿ ಒಂದೇ ಊರಿನ ಕ್ಲಬ್ಬಿನವರು ಒಂದು ವಾರ ರಸ್ತೆ ರೇಸು, ಇನ್ನೊಂದು ವಾರ ಗುಡ್ಡದ ರೇಸು ಓಡುತ್ತಾರೆ. ಫೆಲ್ ರೇಸುಗಳಿಗೆ ಅವರಲ್ಲಿ ದರ್ಜೆ ಉಂಟು: ಕಿ.ಮೀ.ಗೆ ಸರಾಸರಿ ಕಡೇಪಕ್ಷ 50 ಮೀಟರು ಏರಿಕೆ ಇದ್ದು, ದಾರಿಯಲ್ಲಿ ರಸ್ತೆಯ ಪಾಲು ಶೇ 20 ಮೀರದಿದ್ದರೆ ‘ಎ’, 25 ಮೀಟರು ಇದ್ದು ರಸ್ತೆ ಶೇ 30 ಮೀರದಿದ್ದರೆ ‘ಬಿ’. ಏರಿಕೆಯ ಲೆಕ್ಕವೊಂದನ್ನೇ ಹಿಡಿದರೆ ನಮ್ಮ ಮೆಟ್ಟಿಲು ದಾರಿ ಸಲೀಸಾಗಿ ‘ಎ’ ಮಟ್ಟ ಮುಟ್ಟುತ್ತದೆ.

ವೇಗದ ಲೆಕ್ಕವೂ ಅಲ್ಲಿಂದಲೇ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ನಡೆಯುವವರಿಗೆ ಕೊಟ್ಟ ಸೂತ್ರ: ಮೂರು ಮೈಲಿಗೆ ಒಂದು ಗಂಟೆ, 2000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಅಂದರೆ ಒಂದು ಮೀಟರು ಏರಿಕೆ ಸುಮಾರು ಎಂಟು ಮೀಟರು ಸಮತಟ್ಟಿಗೆ ಸಮ. 300 ಮೀಟರು ಏರಿಕೆಯ 10 ಕಿ.ಮೀ. ಓಟವನ್ನು 12.4 ಕಿ.ಮೀ. ಎಂದು ಹಿಡಿಯಿರಿ. ಸಮತಟ್ಟಿನಲ್ಲಿ ಕಿ.ಮೀ.ಗೆ ಐದೂವರೆ ನಿಮಿಷದವರಿಗೆ 68 ನಿಮಿಷ. ನಮ್ಮವರು ಈಗ ಇದಕ್ಕಿಂತ ಎರಡು ಮೂರು ನಿಮಿಷ ಮೊದಲೇ ಬರುತ್ತಾರೆ, ಆ ಉಳಿತಾಯ ಪೂರ್ತಿ ಇಳಿಜಾರಿನದು.

ರಸ್ತೆಗೆ ಇದು ಹೇಗೆ ದಕ್ಕಿತು ಎಂಬುದನ್ನೇ ಜಾಸ್ತಿ ಕೇಳುತ್ತಾರೆ. ಬೆಂಗಳೂರಿನ ಟೆನ್‌ಕೆ ರಸ್ತೆ ಸಮತಟ್ಟಲ್ಲ, ಏರಿಳಿತ ಬರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಏರಿನಲ್ಲಿ ಮೈ ದಂಡಿಸಿ, ಇಳಿತದಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ನಮ್ಮವರು ಏರಿನಲ್ಲಿ ಉಸಿರು ಕೆಡದಷ್ಟೇ ಓಡಿ ಇಳಿತದಲ್ಲಿ ತಡೆಯದೆ ಜೋರಾಗಿ ಓಡುತ್ತಾರೆ. ಎರಡನೆಯ ಲಾಭ ಕೊನೆಯ ಮೂರು ಕಿ.ಮೀ.ನಲ್ಲಿ: ಪೆಟ್ಟು ತಿಂದು ಪಳಗಿದ ತೊಡೆಗೆ ಡಾಂಬರಿನ ಬಡಿತ ಏನೂ ಅನ್ನಿಸುವುದಿಲ್ಲ. ಆದರೆ ಇಳಿಜಾರು ಮಾತ್ರ ಮಾಡಿದರೆ ರಸ್ತೆಯ ವೇಗ ಬರುವುದಿಲ್ಲ. ಗುರುವಾರದ 20–25 ನಿಮಿಷದ ಟೆಂಪೋ ಓಟ (ಬಿರುಸಾದ, ಒಂದೇ ಸಮನಾದ ವೇಗದ ಓಟ) ಉಳಿಸಿಕೊಂಡೆವು, ಟ್ರ್ಯಾಕಿನಲ್ಲಿ ಬಿಟ್ಟು ಬಿಟ್ಟು ಜೋರಾಗಿ ಓಡುವ 400 ಮೀಟರ್ ಇಂಟರ್ವಲ್ ಒಂದನ್ನು ತೆಗೆದು ಅದರ ಜಾಗಕ್ಕೆ ಇಳಿತ ಹಾಕಿದೆವು. ಇಂಟರ್ವಲ್, ಇಳಿತ ಎರಡನ್ನೂ ಒಂದೇ ವಾರ ಇಟ್ಟು ನೋಡಿದಾಗ ಮೀನಖಂಡ ಕೈಕೊಟ್ಟವರು ನಾಲ್ಕೈದು ಮಂದಿ. ರೇಸಿಗೆ ಹತ್ತು ಹನ್ನೆರಡು ದಿನ ಮೊದಲು ಕೊನೆಯ ಜೋರು ಇಳಿತ, ಆಮೇಲೆ ಇಲ್ಲ. ಒಂದು ವಾರಕ್ಕೆ ತಂದರೆ ಕಾಲು ಭಾರ ಇರುತ್ತದೆ. ಮೂರು ವಾರಕ್ಕಿಂತ ಹಿಂದೆ ನಿಲ್ಲಿಸಿದವರಿಗೆ ರೇಸಾದ ಮೇಲೆ ನೋವು ಜಾಸ್ತಿ.

ಆಷಾಢದಲ್ಲಿ ಮೆಟ್ಟಿಲಿಲ್ಲವಲ್ಲ, ಆಗ ಗರಡಿಯ ಬಸ್ಕಿಗೆ ಕೈ ಹಾಕಿದೆವು. ಗರಡಿಯವರ ಹಾಗೆ ಬಿರುಸಾಗಿ ನೂರಾರು ಹೊಡೆದರೆ ಓಟಕ್ಕೆ ಏನೂ ಸಿಗಲಿಲ್ಲ, ತೊಡೆ ದಪ್ಪವಾಯಿತು ಅಷ್ಟೇ. ಕೆಳಗಿಳಿಯಲು ನಾಲ್ಕು ಎಣಿಕೆ, ಏಳಲು ಒಂದು ಎಣಿಕೆ, ಹತ್ತರಂತೆ ಮೂರು ಸುತ್ತು ಎಂದು ಬದಲಾಯಿಸಿದ ಮೇಲೆ ಶ್ರಾವಣದಲ್ಲಿ ಬೆಟ್ಟಕ್ಕೆ ವಾಪಸಾದಾಗ ನೋವು ಬರಲೇ ಇಲ್ಲ ಅನ್ನಬಹುದು. ಜೊತೆಗೆ ಒಂದು ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವುದು, ಕಾಲಿಗೆ ಹದಿನೈದರಂತೆ ಮೂರು ಸುತ್ತು. ಗದೆ ತಿರುಗಿಸಿಯೂ ನೋಡಿದ್ದಾಯಿತು. ಭುಜಕ್ಕೆ ಒಳ್ಳೆಯದು, ಸಮಯಕ್ಕೆ ಏನೂ ಇಲ್ಲ.

ತಿನ್ನುವ ವಿಷಯದಲ್ಲಿ, ಓಟದ ನಡುವೆ ಶಕ್ತಿಗೆಂದು ನುಂಗುವ ಜೆಲ್ ಪೊಟ್ಟಣಕ್ಕೆ ಪರ್ಯಾಯ ಹುಡುಕಿ ಸಾಕಷ್ಟು ಹಾಳು ಮಾಡಿದ್ದೇವೆ. ಮಜ್ಜಿಗೆ ಹಾಕಿದ ರಾಗಿ ಅಂಬಲಿ ಓಟ ಮುಗಿದ ಮೇಲೆ ಅಮೃತ, ಓಟದ ನಡುವೆ ಇಳಿಜಾರಿನ ಕುಲುಕಾಟಕ್ಕೆ ಹೊಟ್ಟೆ ತೊಳಸುತ್ತದೆ. ಕಡಲೆ ಮಿಠಾಯಿ ಒಣ ಬಾಯಲ್ಲಿ ಗಂಟಲಿಗೆ ಸಿಕ್ಕುತ್ತದೆ. ನಿಂತದ್ದು ಬೀಜ ತೆಗೆದ ಖರ್ಜೂರ, ಉಪ್ಪು ಸವರಿದ ಬೇಯಿಸಿದ ಸಣ್ಣ ಆಲೂಗಡ್ಡೆ. ನೀರಿಗೆ ಲೀಟರಿಗೆ 50–60 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಅರ್ಧ ನಿಂಬೆ. ಬೆಲ್ಲವನ್ನು ಕಾಯಿಸಿ ಸೋಸಲೇಬೇಕು, ಇಲ್ಲದಿದ್ದರೆ ಬಾಟಲಿಯ ಬಾಯಿಗೆ ಕಸ ಕಟ್ಟುತ್ತದೆ.

ಸಮಯ ಹಿಡಿಯಲು ಚಿಪ್ ತರಿಸೋಣವೆಂದು ವಿಚಾರಿಸಿದರೆ ಅರವತ್ತು ಸಾವಿರದ ಹತ್ತಿರ ಹೇಳಿದರು. ಕ್ಲಬ್ಬಿನ ಚಂದಾ ತಿಂಗಳಿಗೆ ತಲಾ 200 ರೂಪಾಯಿ, ಮೂವತ್ತು ಚಿಲ್ಲರೆ ಜನ. ಅಲ್ಲಿಗೆ ಆ ಮಾತು ಮುಗಿಯಿತು. ಜಿಪಿಎಸ್ ವಾಚನ್ನು ಮೆಟ್ಟಿಲಲ್ಲಿ ನಂಬಬೇಡಿ, ಮರದ ಕೆಳಗೆ ದೂರವೂ ಎತ್ತರವೂ ಹೆಚ್ಚುಕಮ್ಮಿ ತೋರಿಸುತ್ತದೆ. ನಂದಿಯ ಹತ್ತಿರ ಒಬ್ಬರು, ಕೊನೆಯ ನೂರು ಮೆಟ್ಟಿಲಿನ ಮೇಲೆ ಒಬ್ಬರು, ಇಬ್ಬರ ಫೋನಿನ ಗಡಿಯಾರವೂ ನೆಟ್‌ವರ್ಕ್ ಸಮಯದಲ್ಲಿರಬೇಕು. ದಾಟಿದ ಹೊತ್ತು ಬರೆದುಕೊಂಡು ಆಮೇಲೆ ಕಳೆಯುವುದು. ಸೆಕೆಂಡು ಎರಡು ಸೆಕೆಂಡಿನ ವ್ಯತ್ಯಾಸ ಬರುತ್ತದೆ, ನಮಗೆ ಸಾಕು. ವರ್ಷದ ಪಾಯಿಂಟ್ ಪಟ್ಟಿಯಲ್ಲಿ ರಸ್ತೆಗೂ ಬೆಟ್ಟಕ್ಕೂ ಒಂದೇ ಬೆಲೆ, ಎಂಟು ಓಟದಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ, ಆ ಐದರಲ್ಲಿ ಎರಡಾದರೂ ಬೆಟ್ಟದ್ದಾಗಿರಬೇಕು. ರಸ್ತೆಯವರನ್ನು ಬೆಟ್ಟಕ್ಕೆ ಎಳೆದದ್ದು ಆ ‘ಎರಡಾದರೂ’ ಎಂಬ ಷರತ್ತೇ.

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ಎಂಬ ಬಹುದೂರದ ಓಟಕ್ಕೆ ಹೋಗುವವರಿಗೆ ಎರಡು ಮಾತು. ಅಲ್ಲಿನ ಕೆಂಪು ಜೇಡಿಗೆ ಸೈಕಲ್ ಟೈರಿನ ಷೂ ಕೆಲಸಕ್ಕೆ ಬಾರದು, ಸಂದಿನಲ್ಲಿ ಮಣ್ಣು ತುಂಬಿ ನಯವಾಗುತ್ತದೆ. ನಾಲ್ಕೈದು ಮಿ.ಮೀ. ಹಲ್ಲಿನ ಟ್ರೇಲ್ ಷೂವೇ ಬೇಕು. ಇಂಬಳಕ್ಕೆ, ಅಂದರೆ ಜಿಗಣೆಗೆ, ಸಾಕ್ಸಿನ ಮೇಲಂಚಿಗೆ ಬೇವಿನೆಣ್ಣೆಯಲ್ಲಿ ಕಲಸಿದ ನಶ್ಯ ಸವರಿದರೆ ಎರಡು ಗಂಟೆ ತಡೆಯುತ್ತದೆ, ನೀರು ದಾಟಿದರೆ ಮತ್ತೆ ಹಚ್ಚಬೇಕು. ಸೀಟಿ, ತಲೆದೀಪ, ಮಳೆ ಜಾಕೆಟ್ಟು ಇಲ್ಲದವರನ್ನು ನಾವು ಗಾಡಿ ಹತ್ತಿಸುವುದಿಲ್ಲ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್ ಗಾಡಿಗೆ ಎರಡು ದಿನಕ್ಕೆ ಡ್ರೈವರ್ ಬಾಟಾ ಸೇರಿ ಹದಿನಾಲ್ಕು ಹದಿನೈದು ಸಾವಿರ ಆಗುತ್ತದೆ. ಸೀಟು ಪೂರ್ತಿ ತುಂಬಿದರೆ ತಲೆಗೆ 1,250ರ ಒಳಗೇ ಮುಗಿಯುತ್ತದೆ, ಅದಕ್ಕೇ ಹೆಸರನ್ನು ತಿಂಗಳ ಮೊದಲೇ ದುಡ್ಡಿನ ಸಮೇತ ಬರೆಸಿಕೊಳ್ಳುತ್ತೇವೆ.